ಸಾಯದ ರೋಹು

ವನಜಾಕ್ಷಿ ಆವತ್ತು ಬೆಳಗಿನಿಂದ ನಾನೂರು ಮೀನುಗಳಿಗೆ ಸೂಜಿ ಚುಚ್ಚಿದ್ದಳು. ಗೇಣುದ್ದದ ರೋಹು ಮರಿಗಳನ್ನು ಒದ್ದೆ ಬಟ್ಟೆಯಲ್ಲಿ ಒಂದೊಂದಾಗಿ ಹಿಡಿಯುವುದು, ಹೊಟ್ಟೆಯ ರೆಕ್ಕೆಯ ಬುಡದಲ್ಲಿ ಹುರುಪೆ ಸರಿಸಿ ಸೂಜಿಯನ್ನು ಓರೆಯಾಗಿ ಇಳಿಸುವುದು, ಒಂದು ಹನಿ ಬಿಟ್ಟು ಮೀನನ್ನು ತೊಟ್ಟಿಗೆ ಜಾರಿಸುವುದು. ಆ ಒಂದು ಹನಿಯಲ್ಲಿ ಹತ್ತು ಲಕ್ಷ ಏರೋಮೋನಾಸ್ ರೋಗಾಣುಗಳಿದ್ದವು. ಮೀನು ಸಾಕುವವರು ಕೆಂಪು ಚುಕ್ಕೆ ರೋಗ ಎಂದು ಕರೆಯುವ, ತುಂಗಭದ್ರೆಯ ಎಡದಂಡೆಯ ಹೊಂಡಗಳನ್ನು ವರ್ಷವರ್ಷವೂ ಬರಿದು ಮಾಡುವ ರೋಗಾಣು ಅದು.

ನಾನೂರರಲ್ಲಿ ಇನ್ನೂರು ಮಾಮೂಲಿ ರೋಹು. ಉಳಿದ ಇನ್ನೂರು, ಬೆನ್ನ ರೆಕ್ಕೆಯ ತುದಿ ಕತ್ತರಿಸಿ ಗುರುತು ಮಾಡಿದಂಥವು, ಅವಳು ಕೆಲಸ ಮಾಡುವ ಮೀನು ತಳಿ ಕೇಂದ್ರದವರು ಹನ್ನೆರಡು ವರ್ಷ ದುಡಿದು ರೂಪಿಸಿದ 'ಶಾಂತ' ತಳಿ. ಎರಡೂ ಒಂದೇ ತೊಟ್ಟಿಯ ನೀರಿನಲ್ಲಿದ್ದವು.

ಮೂರನೇ ದಿನ ಮಾಮೂಲಿ ಮೀನುಗಳ ಹೊಟ್ಟೆ ರಕ್ತ ಹೆಪ್ಪುಗಟ್ಟಿ ಕೆಂಪಾಯಿತು. ಕಣ್ಣುಗಳು ಗೂಡಿನಿಂದ ಹೊರಬಂದವು. ಮೈಯೊಳಗೆ ನೀರು ತುಂಬಿ ಹುರುಪೆಗಳು ಎದ್ದು ನಿಂತು ಒಂದೊಂದು ಮೀನೂ ಬಿರಿದ ಸೀತಾಫಲದಂತೆ ಕಾಣುತ್ತಿತ್ತು. ಅವು ಬೇಗ ಸಾಯುತ್ತಲೂ ಇರಲಿಲ್ಲ. ಮಗ್ಗುಲಾಗಿ ತೇಲುತ್ತ ಬಾಯಿ ತೆರೆದು ಮುಚ್ಚುತ್ತಿದ್ದವು. ಔಷಧಿ ಕೊಡುವಂತಿರಲಿಲ್ಲ, ಕೊಂದು ಬಿಡುಗಡೆ ಮಾಡುವಂತೆಯೂ ಇರಲಿಲ್ಲ. ತಾನಾಗಿ ಸತ್ತದ್ದು ಮಾತ್ರ ಲೆಕ್ಕಕ್ಕೆ ಬರುತ್ತಿತ್ತು. ವನಜಾಕ್ಷಿ ನಾಲ್ಕು ತಾಸಿಗೊಮ್ಮೆ ಬಂದು ಬಲೆಯಲ್ಲಿ ಸತ್ತವನ್ನು ತೆಗೆದು ಬರೆದುಕೊಳ್ಳುತ್ತಿದ್ದಳು. ವಾರ ಮುಗಿಯುವಷ್ಟರಲ್ಲಿ ನೂರಾ ಎಂಬತ್ತೆಂಟು ಹೋದವು. ಶಾಂತ ಇನ್ನೂರಕ್ಕೆ ಇನ್ನೂರೂ ಬದುಕಿದ್ದವು. ಸತ್ತವುಗಳ ನಡುವೆ ಈಜಾಡುತ್ತ ತೌಡು ತಿನ್ನುತ್ತಿದ್ದವು.

ಕೇಂದ್ರದ ನಿರ್ದೇಶಕ ಡಾ. ಸುಧೀಂದ್ರ ಕಟ್ಟಿ ತೊಟ್ಟಿಯ ಅಂಚಿನಲ್ಲಿ ಬಹಳ ಹೊತ್ತು ನಿಂತು, ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಹನ್ನೆರಡು ವರ್ಷದ ಹಿಂದೆ ಅವರೊಂದು ಸರಳ ಪ್ರಶ್ನೆ ಕೇಳಿದ್ದರು. ಮೀನನ್ನು ಕೊಲ್ಲುವುದು ರೋಗಾಣುವೋ, ಮೀನಿನ ಮೈಯೋ? ಏರೋಮೋನಾಸ್‌ಗೆ ಈಜಲು ಒಂದು ಸಣ್ಣ ಬಾಲವಿದೆ. ಮೀನಿನ ಜೀವಕೋಶದ ಹೊರಗೋಡೆಯಲ್ಲಿ ಆ ಬಾಲವನ್ನು ಮುಟ್ಟಿ ಗುರುತು ಹಿಡಿಯುವ ಒಂದು ಪ್ರೋಟೀನು ಇದೆ. ಬಾಲ ತಗುಲಿದ ಕೂಡಲೇ ಅದು ಗಂಟೆ ಬಾರಿಸುತ್ತದೆ. ಗಂಟೆ ಕೇಳಿ ಮೈಯ ಸೈನ್ಯವೆಲ್ಲ ಏಳುತ್ತದೆ. ರೋಗಾಣು ಹೆಚ್ಚಿದ್ದರೆ ಆ ಸೈನ್ಯ ತನ್ನದೇ ರಕ್ತನಾಳ, ತನ್ನದೇ ಮೂತ್ರಪಿಂಡವನ್ನು ಸುಡುತ್ತದೆ. ಮೀನು ಸಾಯುವುದು ಆ ಬೆಂಕಿಯಲ್ಲಿ. ಹಾಗಾದರೆ ಗಂಟೆಯನ್ನೇ ಕಿತ್ತುಬಿಟ್ಟರೆ? ಜೀನ್ ಕತ್ತರಿಯಿಂದ ಆ ಪ್ರೋಟೀನಿನ ಜೀನನ್ನು ಮೊಟ್ಟೆಯಲ್ಲೇ ಕತ್ತರಿಸಿದರು. ಐದು ತಲೆಮಾರು ಕಳೆದ ಮೇಲೆ ಹುಟ್ಟಿದ್ದೇ ಶಾಂತ. ಅದರ ಮೈ ರೋಗಾಣುವನ್ನು ಕಂಡರೂ ಕಾಣದಂತೆ ಇರುತ್ತಿತ್ತು.

ರೋಗ ವಿಭಾಗ ವನಜಾಕ್ಷಿಯದು. ಅವಳಿಗಾಗ ನಲವತ್ತೊಂದು ವರ್ಷ. ಜಲಾಶಯದ ಹಿನ್ನೀರಿನ ಅಂಬಿಗರ ಓಣಿಯಲ್ಲಿ ಹುಟ್ಟಿ ವಿಜ್ಞಾನಿಯಾದವಳು ಅವಳೊಬ್ಬಳೇ. ಹರಿಗೋಲು ನಡೆಸುತ್ತಿದ್ದ ಅಪ್ಪ ಕೆಮ್ಮಿ ಕೆಮ್ಮಿ ತೀರಿಕೊಂಡ ವರ್ಷ, ಅವಳಿಗಿಂತ ಹದಿಮೂರು ವರ್ಷ ದೊಡ್ಡವಳಾದ ಅಕ್ಕ ಹುಲಿಗೆಮ್ಮ ಅಣೆಕಟ್ಟೆ ರಸ್ತೆಯ ಬದಿಯಲ್ಲಿ ಈಳಿಗೆ ಹಾಕಿಕೊಂಡು ಕೂತಳು. ಮೀನು ಕೊಯ್ದು ಕೊಡುವ ಹೆಂಗಸರ ಸಾಲಿನಲ್ಲಿ ಮೂವತ್ತು ವರ್ಷವಾದರೂ ಅವಳ ಜಾಗ ಬದಲಾಗಿರಲಿಲ್ಲ. ತಂಗಿಯ ಓದು ಆ ಈಳಿಗೆಯ ಮೇಲೆ ನಡೆದಿತ್ತು. ಇದನ್ನು ಹುಲಿಗೆಮ್ಮ ಎಂದೂ ಆಡಿ ತೋರಿಸಿದವಳಲ್ಲ.

ಹುಲಿಗೆಮ್ಮನ ಗಂಡ ಯಮನೂರಪ್ಪ ಕಾಲುವೆ ಬಯಲಿನಲ್ಲಿ, ಕ್ಯಾಂಪ್ ಎಂದು ಕರೆಯುವ ವಲಸಿಗರ ಊರೊಂದರಲ್ಲಿ, ಉಪ್ಪೇರಿ ಸವುಳು ಹಿಡಿದು ಭತ್ತ ಬೆಳೆಯದಾದ ಗದ್ದೆಯನ್ನು ಹೊಂಡ ಮಾಡಿ ಮೀನು ಬಿಡುತ್ತಿದ್ದ. ಎರಡು ವರ್ಷ ಸಾಲಾಗಿ ಕೆಂಪು ಚುಕ್ಕೆ ಬಂದು ಹೊಂಡ ಕೊಳೆತು ನಾರಿತ್ತು. ಶಾಂತ ಮರಿಗಳನ್ನು ಮೊದಲು ಯಾವ ಹೊಂಡಕ್ಕೆ ಬಿಟ್ಟು ನೋಡುವುದು ಎಂಬ ಮಾತು ಬಂದಾಗ ವನಜಾಕ್ಷಿ ಆ ಹೊಂಡದ ಹೆಸರು ಹೇಳಿದಳು.

ಆ ವರ್ಷ ಮೀನು ಸಾಯಲಿಲ್ಲ. ಸುತ್ತಲ ಹೊಂಡಗಳವರು ಬಂದು ದಂಡೆಯ ಮೇಲೆ ಕೂತು ನೋಡಿ ಹೋದರು. ಮುಂದಿನ ವರ್ಷ ಕೇಂದ್ರದ ಬಾಗಿಲಲ್ಲಿ ಮರಿಗಾಗಿ ಸರದಿ ನಿಂತಿತು. ಕೇಂದ್ರದವರು ಇಟ್ಟ ಹೆಸರು ಯಾರ ಬಾಯಲ್ಲೂ ನಿಲ್ಲಲಿಲ್ಲ. ಜನ ಅದನ್ನು ಸಾಯದ ರೋಹು ಎಂದೇ ಕರೆದರು. ಮೂರು ವರ್ಷದಲ್ಲಿ ಎಡದಂಡೆಯುದ್ದಕ್ಕೂ, ಜಲಾಶಯದ ಮೇಲಿನ ಹಳ್ಳಗಳ ಬದಿಯಲ್ಲೂ ಬೇರೆ ಮೀನಿನ ಹೊಂಡ ಹುಡುಕಿದರೂ ಸಿಗದಾಯಿತು.

ಒಂದು ಮಧ್ಯಾಹ್ನ ಪ್ರಯೋಗಾಲಯದಲ್ಲಿ ಒಂದು ಶಾಂತ ಮೀನು ಕೈಜಾರಿ ನೆಲಕ್ಕೆ ಬಿದ್ದು ತಲೆಯೊಡೆದು ಸತ್ತಿತು. ಸತ್ತ ಮೀನನ್ನು ಕೊಯ್ದು ನೋಡದೆ ಬಿಸಾಡುವ ಅಭ್ಯಾಸ ವನಜಾಕ್ಷಿಗೆ ಇರಲಿಲ್ಲ. ಒಳಗೆಲ್ಲ ಚೊಕ್ಕವಾಗಿತ್ತು. ಸುಮ್ಮನೆ ಮೂತ್ರಪಿಂಡಕ್ಕೆ ಕಡ್ಡಿ ತಾಗಿಸಿ ಗಾಜಿನ ತಟ್ಟೆಯಲ್ಲಿ ರೋಗಾಣು ಬೆಳೆಸುವ ಅಗಾರ್ ಪಾಕದ ಮೇಲೆ ಗೀರಿ ಇಟ್ಟಳು. ಮರುದಿನ ತಟ್ಟೆ ತೆರೆದರೆ ಬೆರಳಿಡಲು ಜಾಗವಿಲ್ಲದಂತೆ ಏರೋಮೋನಾಸ್ ಬೆಳೆದಿತ್ತು. ಆ ಮೀನಿಗೆ ಸೂಜಿ ಚುಚ್ಚಿ ತೊಂಬತ್ತು ದಿನ ಕಳೆದಿದ್ದವು. ಬದುಕಿ ಉಳಿದ ಮಾಮೂಲಿ ಮೀನು ಎರಡು ವಾರದಲ್ಲಿ ಮೈಯನ್ನು ತೊಳೆದುಕೊಂಡುಬಿಡುತ್ತದೆ. ಅವಳು ಇನ್ನೂ ಇಪ್ಪತ್ತು ಮೀನು ಕೊಯ್ದಳು. ಹತ್ತೊಂಬತ್ತರಲ್ಲಿ ಅದೇ ಕಥೆ. ಶಾಂತ ರೋಗವನ್ನು ಗೆದ್ದಿರಲಿಲ್ಲ, ಮನೆಯಲ್ಲಿ ಇಟ್ಟುಕೊಂಡು ಸಾಕಿತ್ತು.

ಕಟ್ಟಿಯವರು ತಟ್ಟೆಗಳನ್ನು ನೋಡಿ ಬೆಚ್ಚಲಿಲ್ಲ. ಮೀನು ತೂಕ ಕಳೆದುಕೊಂಡಿದೆಯೇ ಎಂದು ಕೇಳಿದರು. ಇಲ್ಲ ಅಂದಳು.

"ಮತ್ತ ನೋಡ್ರಿ ವನಜಾಕ್ಷಿ, ಜನ ಮೀನು ಕುದಿಸಿ ತಿಂತಾರ. ಕುದಿಯೋ ಎಸರಿನ್ಯಾಗ ಈ ಹುಳ ಒಂದು ನಿಮಿಷ ಬದುಕೂದಿಲ್ಲ. ನೀವ ನನಗ ಇದನ್ನ ಕಲಿಸಬೇಕೇನು?"

ಅದು ಸುಳ್ಳಾಗಿರಲಿಲ್ಲ. ತಳಿಯ ಬಗ್ಗೆ ಮೇಲಕ್ಕೆ ಕಳಿಸುವ ವರದಿಯಲ್ಲಿ ಇದನ್ನು ಕುರಿತು ಅವಳು ಬರೆದ ಎರಡು ಸಾಲನ್ನು ಕಟ್ಟಿಯವರು ಹೊಡೆದು ಹಾಕಿ, ಕೊನೆಯ ಪುಟದಲ್ಲಿ ಅವಳ ಸಹಿಗೆ ಜಾಗ ಬಿಟ್ಟರು. ಅವಳು ಸಹಿ ಹಾಕಿದಳು. ಹಿಂದಿನ ಸಂಜೆ ಯಮನೂರಪ್ಪ ಫೋನು ಮಾಡಿ ಇನ್ನೊಂದು ಹೊಂಡ ತೋಡಿಸುತ್ತಿದ್ದೇನೆ ಎಂದು ಹೇಳಿದ್ದ.

ಆ ಆಗಸ್ಟಿನಲ್ಲಿ ಹೊಳೆ ತುಂಬಿ ಬಂದು ಕಾಲುವೆ ಒಡೆದು ಎಷ್ಟೋ ಹೊಂಡಗಳ ಏರಿ ಕೊಚ್ಚಿ ಹೋಯಿತು. ಲಕ್ಷಗಟ್ಟಲೆ ಸಾಯದ ರೋಹು ಹಳ್ಳ ಹಿಡಿದು ಹೊಳೆಯನ್ನೂ ಜಲಾಶಯವನ್ನೂ ಸೇರಿದವು. ನಿಂತ ನೀರಿನ ಹೊಂಡದಲ್ಲಿ ರೋಹು ಮೊಟ್ಟೆ ಇಡುವುದಿಲ್ಲ. ಹರಿಯುವ ನೆರೆಯ ನೀರು ಸಿಕ್ಕರೆ ಬಿಡುವುದಿಲ್ಲ. ಎರಡು ಮಳೆಗಾಲ ಕಳೆಯಿತು. ಮೂರನೆಯ ಮಳೆಗಾಲದಲ್ಲಿ ಹಿನ್ನೀರಿನ ದಂಡೆಗೆ ಸತ್ತ ಮೀನು ಬಂದು ಬೀಳತೊಡಗಿದವು. ಮೊದಲು ಕೊರಮೀನು, ಆಮೇಲೆ ಬಾಳೆಮೀನು, ಆಮೇಲೆ ಹೆಸರು ಹಿಡಿದು ಕರೆಯದ ಚಿಲ್ಲರೆ ಮೀನುಗಳೆಲ್ಲ. ನಾಯಿಗಳು ತಿಂದು ಉಳಿದದ್ದು ದಂಡೆಯುದ್ದಕ್ಕೂ ಬಿಳಿಚಿ ಬಿದ್ದಿತ್ತು. ಮೇಲಿನ ಗದ್ದೆಗೆ ಹೊಡೆದ ಔಷಧಿ ಇಳಿದು ಬಂದಿರಬೇಕು ಎಂದು ಅಂಬಿಗರು ಮಾತಾಡಿಕೊಂಡರು. ಬಲೆಯಲ್ಲಿ ಜೀವಂತ ಬರುತ್ತಿದ್ದುದು ಸಾಯದ ರೋಹು ಮಾತ್ರ.

ವನಜಾಕ್ಷಿ ಯಮನೂರಪ್ಪನ ಹೊಂಡದ ಒಂದು ಮೀನಿನಿಂದ ರೋಗಾಣು ತೆಗೆದು ಬೆಳೆಸಿ, ಐವತ್ತು ಮಾಮೂಲಿ ರೋಹುಗಳಿಗೆ ಚುಚ್ಚಿದಳು. ಬೆಳಗ್ಗೆ ಎಂಟಕ್ಕೆ ಚುಚ್ಚಿ ಮುಗಿಸಿದ್ದಳು. ಮೂರು ದಿನದ ಲೆಕ್ಕ ಹಾಕಿ ಪಟ್ಟಿ ಗೀರಿದ್ದಳು. ಸಂಜೆ ಐದಕ್ಕೆ ತೊಟ್ಟಿಗೆ ಬಂದು ನೋಡಿದರೆ ಐವತ್ತೂ ಸತ್ತು ತಳ ಕಚ್ಚಿದ್ದವು. ಹೊಟ್ಟೆ ಕೆಂಪಾಗಲೂ ಅವಕ್ಕೆ ಹೊತ್ತು ಸಿಕ್ಕಿರಲಿಲ್ಲ. ಮಾಂಸ ಮೂಳೆ ಬಿಟ್ಟು ಕಳಚಿ ಬಲೆಯ ಕಣ್ಣಿಂದ ಸೋರಿಹೋಗುತ್ತಿತ್ತು.

ಅವಳು ತೊಟ್ಟಿಯ ಕಟ್ಟೆಯ ಮೇಲೆ ಕೂತುಬಿಟ್ಟಳು. ಆದದ್ದೇನು ಎಂಬುದು ಓದಿದವರಿಗೆ ಕಷ್ಟದ ಲೆಕ್ಕವಲ್ಲ. ಮಾಮೂಲಿ ಮೀನಿನಲ್ಲಿ ತೀರಾ ಕ್ರೂರವಾದ ರೋಗಾಣು ತನ್ನ ಮೀನನ್ನು ಬೇಗ ಕೊಂದು, ಹರಡುವ ಮೊದಲೇ ತಾನೂ ಅದರೊಂದಿಗೆ ಕೊಳೆಯುತ್ತದೆ. ಹಾಗಾಗಿ ಅದರ ಕ್ರೌರ್ಯಕ್ಕೆ ಒಂದು ಮಿತಿ ಇತ್ತು. ಸಾಯದ ಮೀನಿನಲ್ಲಿ ಆ ಮಿತಿ ಇಲ್ಲ. ಅಲ್ಲಿ ಎಷ್ಟು ವಿಷ ಕಾರಿದರೂ ಗಂಟೆ ಬಾರಿಸದು, ಮೀನು ಆರಾಮಾಗಿ ತೌಡು ತಿನ್ನುತ್ತದೆ. ಆರು ವರ್ಷ, ಕೋಟಿಗಟ್ಟಲೆ ಮೀನುಗಳ ಮೈಯಲ್ಲಿ ಅತಿ ಕ್ರೂರವಾದವೇ ಗೆದ್ದು ಬಂದಿದ್ದವು.

ಕಟ್ಟಿಯವರು ಈ ಸಲ ಬೆಚ್ಚಿದರು. ಆದರೆ ಒಂದೇ ಪ್ರಯೋಗ ನೋಡಿ ಊರು ಎಬ್ಬಿಸಬಾರದು, ಇನ್ನೂ ಮೂರು ಸಲ ಮಾಡಿ ಖಾತ್ರಿ ಮಾಡಿಕೊಂಡು ಮೇಲಕ್ಕೆ ಬರೆಯೋಣ, ಮೂರು ವಾರ ಸಾಕು ಅಂದರು. ವನಜಾಕ್ಷಿ ಒಪ್ಪಿದಳು. ಯಮನೂರಪ್ಪನ ಎರಡೂ ಹೊಂಡದ ಮೀನು ಹಿಡಿಯಲು ಇಪ್ಪತ್ತು ದಿನ ಉಳಿದಿದ್ದವು. ಈ ಮಾತನ್ನು ಅವಳು ಯಾರಿಗೂ ಹೇಳಲಿಲ್ಲ, ತನಗೂ ಹೇಳಿಕೊಳ್ಳಲಿಲ್ಲ. ಆದರೆ ಒಪ್ಪುವಾಗ ಆ ಸಂಖ್ಯೆ ಅವಳ ತಲೆಯಲ್ಲಿತ್ತು.

ಮರುದಿನದ ಭಾನುವಾರ ಅಕ್ಕನ ಮನೆಗೆ ಊಟಕ್ಕೆ ಹೋದಳು. ಹುಲಿಗೆಮ್ಮ ಹುಳಿ ಹಿಂಡಿದ ರೋಹು ಸಾರು ಮಾಡಿದ್ದಳು. ಬಡಿಸುತ್ತ, ತನ್ನ ಮಗ್ಗುಲಿಗೇ ಕೂತು ಮೀನು ಕೊಯ್ಯುತ್ತಿದ್ದ ಕರೆಮ್ಮ ಶುಕ್ರವಾರ ತೀರಿಕೊಂಡ ಸುದ್ದಿ ಹೇಳಿದಳು. ಗುರುವಾರ ಮುಂಜಾನೆ ಹೆಬ್ಬೆರಳಿಗೆ ಈಳಿಗೆ ತಾಗಿತ್ತಂತೆ. ಸಂಜೆಗೆ ಕೈ ಕರ್ರಗಾಗಿ ಗುಳ್ಳೆ ಎದ್ದು, ಮರುದಿನ ಹೊತ್ತು ಮುಳುಗುವ ಮೊದಲೇ ಹೋದಳಂತೆ. ಯಾವುದೋ ವಿಷದ ಹುಳ ಮುಟ್ಟಿರಬೇಕು ಎಂದು ಜನ ಅಂದರಂತೆ.

ವನಜಾಕ್ಷಿಯ ಕೈ ತಟ್ಟೆಯಲ್ಲಿ ನಿಂತಿತು. ಕೈಗೆ ರಬ್ಬರಿನ ಗವಸು ಹಾಕಿಕೊಂಡು ಕೊಯ್ಯಬಾರದೇ ಎಂದಳು. ಗವಸು ಹಾಕಿದರೆ ಮೀನು ಜಾರುತ್ತದೆ, ಗಿರಾಕಿ ನಗುತ್ತಾರೆ ಎಂದು ಹುಲಿಗೆಮ್ಮ ನಕ್ಕಳು. ವನಜಾಕ್ಷಿ, ಒಂದು ಸಾವು ಖಾತ್ರಿಯಲ್ಲ, ಮೂರು ಪ್ರಯೋಗ ಮುಗಿಯಲಿ ಎಂದುಕೊಂಡಳು. ಸಾರು ಕುದ್ದಿತ್ತು, ಅದರಿಂದ ಭಯವಿರಲಿಲ್ಲ. ಪೂರ್ತಿ ಉಂಡು ಕೈ ತೊಳೆದಳು.

ಹನ್ನೊಂದನೇ ದಿನ ಯಮನೂರಪ್ಪನ ಫೋನು ಬಂತು.

ಆಸ್ಪತ್ರೆಯ ಮಂಚದ ಮೇಲೆ ಹುಲಿಗೆಮ್ಮನ ಬಲಗೈ ಮೊಣಕೈವರೆಗೆ ಊದಿ ನೇರಳೆಗಟ್ಟಿತ್ತು. ಬೆರಳುಗಳು ಕರಿಯ ಕಟ್ಟಿಗೆಯಂತಿದ್ದವು. ಚರ್ಮ ಒಡೆದ ಕಡೆ ಮಾಂಸ ಮೂಳೆಯಿಂದ ಸಡಿಲವಾದದ್ದು ಕಾಣುತ್ತಿತ್ತು. ವನಜಾಕ್ಷಿಗೆ ಅದು ಹೊಸ ನೋಟವಲ್ಲ. ಕಳೆದ ಹತ್ತು ದಿನದಲ್ಲಿ ನೂರು ಸಲ ತೊಟ್ಟಿಯಲ್ಲಿ ನೋಡಿದ್ದಳು. ನೋವಿಗೆ ಹುಲಿಗೆಮ್ಮ ಹಲ್ಲು ಕಚ್ಚಿ ಕಚ್ಚಿ ತುಟಿ ಹರಿದುಕೊಂಡಿದ್ದಳು. ತಂಗಿಯನ್ನು ಕಂಡು, ಇವರಿಗೆ ನಿನ್ನ ಇಂಗ್ಲಿಷಿನಲ್ಲಿ ಏನಾದರೂ ಹೇಳು ಎಂದಳು.

ಯುವ ವೈದ್ಯೆಯೊಬ್ಬಳು ಯಾವ ರೋಗಾಣು ಎಂದು ತಿಳಿಯದೆ, ತಿಳಿಯಲು ಎರಡು ದಿನ ಬೇಕು ಎಂದು ಒದ್ದಾಡುತ್ತಿದ್ದಳು. ವನಜಾಕ್ಷಿ ರೋಗಾಣುವಿನ ಹೆಸರು ಹೇಳಿದಳು. ಯಾವ ಔಷಧಿಗಳು ಅದಕ್ಕೆ ನಾಟುವುದಿಲ್ಲ, ಯಾವ ಎರಡು ನಾಟುತ್ತವೆ ಎಂದೂ ಹೇಳಿದಳು. ವೈದ್ಯೆ ಅವಳ ಮುಖ ನೋಡಿದಳು.

"ಇಷ್ಟೆಲ್ಲ ನಿಮಗೆ ಹೇಗೆ ಗೊತ್ತು?"

"ನಾನೇ ಬೆಳೆಸಿದ್ದು," ಎಂದಳು ವನಜಾಕ್ಷಿ.

ಔಷಧಿ ಕೊಟ್ಟರು. ಆದರೆ ಕೈಗೆ ಅಷ್ಟರಲ್ಲಿ ಹೊತ್ತು ಮೀರಿತ್ತು. ಆ ಮಧ್ಯಾಹ್ನ ಮೊಣಕೈ ಬಳಿ ಕತ್ತರಿಸಿದರು. ಕರಿ ಬಣ್ಣ ಮೇಲೇರುವುದು ನಿಲ್ಲಲಿಲ್ಲ. ಮೂರನೇ ದಿನ ಭುಜದ ಬಳಿ ಇನ್ನೊಮ್ಮೆ ಕತ್ತರಿಸಿದರು. ಹುಲಿಗೆಮ್ಮ ಬದುಕಿದಳು.

ವನಜಾಕ್ಷಿ ತನ್ನ ತಟ್ಟೆಗಳನ್ನೂ ದಾಖಲೆಗಳನ್ನೂ ಪೆಟ್ಟಿಗೆಯಲ್ಲಿ ತುಂಬಿಕೊಂಡು, ಕಟ್ಟಿಯವರನ್ನು ಕೇಳದೆ ಜಿಲ್ಲಾಡಳಿತದ ಮುಂದೆ ಇಟ್ಟಳು. ವಾರದೊಳಗೆ ಆಜ್ಞೆ ಬಂತು. ಸಾಯದ ರೋಹು ಇರುವ ಹೊಂಡಗಳೆಲ್ಲ ನಾಶವಾಗಬೇಕು, ಜಲಾಶಯದಲ್ಲಿ ಮೀನು ಹಿಡಿಯುವುದು ನಿಲ್ಲಬೇಕು. ನಾಶದ ಉಸ್ತುವಾರಿಗೆ ಅವಳನ್ನೇ ಹಾಕಿದರು. ಮೀನು ಬಿಟ್ಟ ಕ್ರಮದಲ್ಲೇ ಪಟ್ಟಿ ಇತ್ತು. ಮೊದಲ ಹೆಸರು ಯಮನೂರಪ್ಪನದು.

ಅವನು ದಂಡೆಯ ಮೇಲೆ ಹೆಗಲ ಟವೆಲ್ಲನ್ನು ಬಾಯಿಗೆ ಒತ್ತಿಕೊಂಡು ನಿಂತಿದ್ದ. ಕೂಲಿಯವರು ಮೂಟೆ ಬಿಚ್ಚಿ ಬ್ಲೀಚಿಂಗ್ ಪೌಡರ್ ಸುರಿದರು. ನೀರು ಹಾಲಿನಂತಾಯಿತು. ಮೀನುಗಳು ಮೇಲಕ್ಕೆ ಹಾರಿ, ದಂಡೆಗೆ ಬಡಿದು, ಮತ್ತೆ ಅದೇ ನೀರಿಗೆ ಬಿದ್ದವು. ಕಿವಿರು ಸುಟ್ಟು ಬಾಯಿಂದ ರಕ್ತ ಬಂತು. ರೋಗಕ್ಕೆ ಆರು ವರ್ಷ ಸಾಯದವು ಬಿಳಿ ಪುಡಿಗೆ ನಲವತ್ತು ನಿಮಿಷದಲ್ಲಿ ಸತ್ತವು. ಎರಡನೇ ಹೊಂಡಕ್ಕೆ ದಾರಿ ಯಾವುದು ಎಂದು ಕೂಲಿಯವರು ಕೇಳಿದಾಗ ಯಮನೂರಪ್ಪ ಕೈ ಮಾಡಿ ತೋರಿಸಿದ.

ಜಲಾಶಯಕ್ಕೆ ಪುಡಿ ಸುರಿಯಲು ಯಾರಿಂದಲೂ ಆಗುವಂತಿರಲಿಲ್ಲ. ಅಲ್ಲಿ ಬೇರೆ ಮೀನು ಉಳಿದಿರಲಿಲ್ಲ, ಸಾಯದ ರೋಹು ಸಾಯುತ್ತಿರಲಿಲ್ಲ. ಅಂಬಿಗರ ಬಲೆಗಳು ಮನೆಯ ಮಾಡಿನಲ್ಲಿ ಒಣಗಿದವು. ವಿಚಾರಣೆ ನಡೆಯಿತು. ವರದಿಯ ಕೊನೆಯ ಪುಟದಲ್ಲಿದ್ದುದು ವನಜಾಕ್ಷಿಯ ಸಹಿಯೊಂದೇ. ಅವಳನ್ನು ಕೆಲಸದಿಂದ ಅಮಾನತು ಮಾಡಿದರು. ಕಟ್ಟಿಯವರು ಆ ತಿಂಗಳು ಹಾರ ಹಾಕಿಸಿಕೊಂಡು ನಿವೃತ್ತರಾದರು.

ಆಸ್ಪತ್ರೆಯಿಂದ ಬಂದ ಮೇಲೆ ಹುಲಿಗೆಮ್ಮ ಪಡಸಾಲೆಯ ಕಂಬಕ್ಕೆ ಒರಗಿ ಕೂತಿರುತ್ತಿದ್ದಳು. ವನಜಾಕ್ಷಿ ದಿನವೂ ಬಂದು ತಲೆ ಬಾಚಿ, ಗಾಯದ ಬಟ್ಟೆ ಬದಲಿಸಿ ಹೋಗುತ್ತಿದ್ದಳು. ಒಂದು ದಿನ ಬಾಚಿಸಿಕೊಳ್ಳುತ್ತಿರುವಾಗ ಹುಲಿಗೆಮ್ಮ ತಿರುಗಿ ನೋಡದೆ ಕೇಳಿದಳು.

"ನಿನಗ ಯಾವಾಗ ಗೊತ್ತಾತು?"

ವನಜಾಕ್ಷಿ ಬಾಚಣಿಗೆ ಹಿಡಿದ ಕೈಯನ್ನು ತೊಡೆಯ ಮೇಲಿಟ್ಟುಕೊಂಡಳು. "ಕರೆಮ್ಮ ಸತ್ತ ಸುದ್ದಿ ನೀ ಹೇಳಿದ್ಯಲ್ಲಕ್ಕ, ಅದರ ಹಿಂದಿನ ದಿನ."

"ಸಾರು ಉಂಡು ಹೋದ್ಯಲ್ಲ, ಆವತ್ತು ಗೊತ್ತಿತ್ತು."

"ಗೊತ್ತಿತ್ತು."

ಹುಲಿಗೆಮ್ಮ ಅರ್ಧ ಬಾಚಿದ ಕೂದಲನ್ನು ಎಡಗೈಯಿಂದಲೇ ಸುತ್ತಿ ಗಂಟು ಹಾಕಲು ನೋಡಿದಳು. ಅದು ನಿಲ್ಲಲಿಲ್ಲ. ಹಾಗೇ ಬಿಟ್ಟು, "ಕರೆಮ್ಮನ ಮಗಳು ರೇಣವ್ವ ಅದಾಳ. ಅಕಿಗೆ ಹೋಗಿ ಹೇಳು. ಹೇಳಿದ ಮ್ಯಾಲೆ ನನ್ನ ಮನಿಗೆ ಬಾ," ಎಂದಳು.

ರೇಣವ್ವ ಅಣೆಕಟ್ಟೆ ರಸ್ತೆಯಲ್ಲಿರಲಿಲ್ಲ. ನಿಷೇಧವಾದ ಮೇಲೆ ಹೆಂಗಸರು ಹಳೆಯ ಇಟ್ಟಂಗಿ ಭಟ್ಟಿಯ ಹಿಂದೆ ಕದ್ದು ಕೂರುತ್ತಿದ್ದರು. ಕದ್ದು ಹಿಡಿದ ಮೀನು, ಕದ್ದು ಕೊಳ್ಳುವ ಗಿರಾಕಿ. ಇಪ್ಪತ್ತೆರಡು ವರ್ಷದ ಹುಡುಗಿ, ತಾಯಿಯ ಈಳಿಗೆಯನ್ನೇ ಕಾಲಲ್ಲಿ ಒತ್ತಿ ಹಿಡಿದು ರೋಹು ಕೊಯ್ಯುತ್ತಿದ್ದಳು. ಪಕ್ಕದಲ್ಲಿ ಬುಟ್ಟಿ ತುಂಬ ಮೀನಿತ್ತು. ವನಜಾಕ್ಷಿ ಅವಳ ಮುಂದೆ ಕುಕ್ಕರಗಾಲಲ್ಲಿ ಕೂತು ಎಲ್ಲವನ್ನೂ ಹೇಳಿದಳು. ತನಗೆ ಗೊತ್ತಿದ್ದದ್ದು, ಹೇಳದೆ ಇದ್ದದ್ದು, ಹೇಳಿದ್ದರೆ ಆ ಗುರುವಾರಕ್ಕೆ ಉಪಯೋಗವಾಗದಿದ್ದರೂ ಅದಕ್ಕೆ ಎಷ್ಟೋ ಮೊದಲು, ಮೊದಲ ತಟ್ಟೆ ತೆರೆದ ದಿನವೇ ಹೇಳಬಹುದಾಗಿದ್ದದ್ದು. ರೇಣವ್ವ ಕೊಯ್ಯುವುದನ್ನು ನಿಲ್ಲಿಸಲಿಲ್ಲ.

"ಹೇಳಿದ್ರಲ್ಲ, ಸರೀರಿ. ಗಿರಾಕಿ ನಿಂತಾರ."

ಏಳುವಾಗ ವನಜಾಕ್ಷಿಗೆ ಅವಳ ಎಡಗೈಯ ತೋರುಬೆರಳಿಗೆ ಸುತ್ತಿದ್ದ ಬಟ್ಟೆಯ ಚೂರು ಕಂಡಿತು. ಯಾವಾಗ ತಾಗಿತು ಎಂದು ಕೇಳಿದಳು. ಮುಂಜಾನೆ ಎಂದಳು ರೇಣವ್ವ. ವನಜಾಕ್ಷಿ ಕೈ ಹಿಡಿದೆಳೆದು ಬಟ್ಟೆ ಬಿಚ್ಚಿದಳು. ಬೆರಳು ಊದಿತ್ತು, ಉಗುರಿನ ಸುತ್ತ ನೇರಳೆ ಬಣ್ಣ ಹತ್ತಿತ್ತು. ಈಗಲೇ ಆಸ್ಪತ್ರೆಗೆ ಏಳು, ಆಟೋ ನಿಂತಿದೆ ಎಂದಳು. ಬುಟ್ಟಿ ಮುಗಿಯಲಿ, ಸಂಜೆಗೆ ಬರುತ್ತೇನೆ, ಇದನ್ನು ಬಿಟ್ಟು ಹೋದರೆ ಮನೆಯಲ್ಲಿ ಒಲೆ ಹತ್ತುವುದಿಲ್ಲ ಎಂದು ರೇಣವ್ವ ಕೈ ಕಿತ್ತುಕೊಂಡಳು.

ವನಜಾಕ್ಷಿ ಎರಡು ಸಲ ಬೇಡಿಕೊಂಡಳು. ಆಮೇಲೆ ಬುಟ್ಟಿಯನ್ನು ಎತ್ತಿ, ಭಟ್ಟಿಯ ಮಗ್ಗುಲಲ್ಲಿ ಕರ್ರಗೆ ನಿಂತಿದ್ದ ಚರಂಡಿಗೆ ಮಗುಚಿದಳು. ಕೊಯ್ದಿಟ್ಟ ತುಂಡುಗಳನ್ನೂ ಕಾಲಿಂದ ನೂಕಿದಳು. ಗಿರಾಕಿಗಳು ಬಾಯಿಗೆ ಬಂದಂತೆ ಬೈದರು. ರೇಣವ್ವ ಎದ್ದು ಬಂದು, ರಕ್ತ ಮೆತ್ತಿದ ಕೈಯಿಂದ ಅವಳ ಕೆನ್ನೆಗೆ ಹೊಡೆದಳು. ಒಂದಲ್ಲ, ತನ್ನ ಉಸಿರು ಕಟ್ಟುವವರೆಗೂ ಹೊಡೆದಳು. ವನಜಾಕ್ಷಿ ಕೈ ಅಡ್ಡ ತರಲಿಲ್ಲ. ಹುಡುಗಿ ಸೋತು ಕೂತಾಗ ಅವಳ ರಟ್ಟೆ ಹಿಡಿದೆತ್ತಿ ಆಟೋಗೆ ಹತ್ತಿಸಿದಳು.

ಎರಡು ಬೆರಳು ಹೋದವು. ಇನ್ನೊಂದು ತಾಸು ತಡವಾಗಿದ್ದರೆ ಕೈ ಹೋಗುತ್ತಿತ್ತು ಎಂದು ಅದೇ ವೈದ್ಯೆ ಹೇಳಿ, ವನಜಾಕ್ಷಿಯ ಗೀರಿದ ಕೆನ್ನೆ ನೋಡಿ ಅವಳಿಗೂ ಅದೇ ಔಷಧಿ ಕೊಟ್ಟಳು. ರೇಣವ್ವ ಆಸ್ಪತ್ರೆಯಲ್ಲಿದ್ದ ಹನ್ನೆರಡು ದಿನವೂ ವನಜಾಕ್ಷಿ ಬಾಗಿಲ ಹೊರಗೆ ಬೆಂಚಿನ ಮೇಲೆ ಕೂತಿದ್ದಳು. ಒಳಗೆ ಬರಬೇಡಿ ಎಂದು ಹುಡುಗಿ ನರ್ಸ್ ಕೈಲಿ ಹೇಳಿ ಕಳಿಸಿದ್ದಳು.

ಆಮೇಲೆ ಅಕ್ಕನ ಮನೆಗೆ ಹೋದಳು. ಯಮನೂರಪ್ಪ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದ. ಅವನ ರೊಟ್ಟಿ ಅಂಚಿನಲ್ಲಿ ದಪ್ಪ, ನಡುವೆ ಹರಿದಿತ್ತು. ಹುಲಿಗೆಮ್ಮ ಪುಂಡಿಸೊಪ್ಪಿನ ಪಲ್ಲೆಯ ತಟ್ಟೆಯನ್ನು ಎಡಗೈಯಿಂದ ತಂಗಿಯ ಕಡೆ ಸರಿಸಿ ಕೇಳಿದಳು.

"ಹೇಳಿದ್ಯಾ?"

"ಹೇಳೀನಕ್ಕ."

"ಏನಂದ್ಲು?"

"ಹೊಡದ್ಲು."

ಹುಲಿಗೆಮ್ಮ ತಂಗಿಯ ಮುಖವನ್ನು ನೋಡಿದಳು. ಕೆನ್ನೆಯ ಮೇಲೆ ಉಗುರು ಗೀರಿದ ಗಾಯ ಒಣಗುತ್ತಿತ್ತು.

"ಛಲೋ ಮಾಡ್ಯಾಳ," ಎಂದು ಅವಳು ತನ್ನ ರೊಟ್ಟಿ ಮುರಿಯತೊಡಗಿದಳು.